ತೊಂಬತ್ತನಾಲ್ಕು ಮೆಟ್ಟಿಲಿನ ನೀರು

ಊರಿಗೆ ಮೂರು ಪೇಟೆ, ಮೂರಕ್ಕೂ ಬೇರೆ ಬೇರೆ ಗೋಳು. ಬಂದರಿಗೆ ಅಂಟಿಕೊಂಡ ಕೆಳಪೇಟೆಯಲ್ಲಿ ಕಡಲು ಉಬ್ಬಿದಾಗಲೆಲ್ಲ ಚರಂಡಿ ಹಿಂದಕ್ಕೆ ಹರಿದು ಅಡುಗೆಮನೆಗೇ ಬರುತ್ತಿತ್ತು. ಗುಡ್ಡದ ನೆತ್ತಿಯ ಮೇಲ್ಪೇಟೆಗೆ ಕಲ್ಲುಗಣಿಯ ಲಾರಿಗಳ ಧೂಳು; ಆದರೆ ಲಾರಿ ಹೋಗುವ ರಸ್ತೆಯಿದ್ದುದರಿಂದ ವಾರಕ್ಕೆರಡು ಸಲ ನೀರಿನ ಟ್ಯಾಂಕರ್ ಕೂಡ ಹೋಗುತ್ತಿತ್ತು. ನಡುವೆ ಸಿಕ್ಕಿಕೊಂಡ ನಡುಪೇಟೆಗೆ ರಸ್ತೆಯೇ ಇಲ್ಲ, ಮೆಟ್ಟಿಲು ಮಾತ್ರ. ಮೆಟ್ಟಿಲ ಬುಡದಲ್ಲಿ ಒಂದು ನಲ್ಲಿ. ಬೆಳಿಗ್ಗೆ ಐದರಿಂದ ಏಳರವರೆಗೆ ನೀರು. ಅದನ್ನು ಹೊತ್ತು ಹತ್ತುವುದು ಹೆಂಗಸರ ಕೆಲಸ ಎಂದು ಯಾರೂ ಎಲ್ಲೂ ಬರೆದಿಡಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ.

ದರ್ಜಿಯ ಮನೆ ತೊಂಬತ್ತನಾಲ್ಕನೆಯ ಮೆಟ್ಟಿಲಿನಲ್ಲಿ. ದರ್ಜಿಯ ಹೆಂಡತಿಗೆ ನಲ್ಲಿಯ ಹತ್ತಿರ ಇದ್ದ ಹೆಸರು 'ತುಂಬಿದ ಕೊಡ'. ತುಳುಕುವವಳಲ್ಲ, ಮಾತಾಡುವವಳಲ್ಲ. ಆ ಹೆಸರಿಟ್ಟವಳು ಪಕ್ಕದ ಮನೆಯ, ಮೀನಿನ ಬಲೆ ಹೆಣೆಯುವ ಹೆಂಗಸು. ಅವಳ ಬಾಯಿಗೆ ಬೀಗವೂ ಇರಲಿಲ್ಲ, ಬಾಗಿಲೂ ಇರಲಿಲ್ಲ.

ತಲೆಯ ಮೇಲೊಂದು, ಸೊಂಟದ ಮೇಲೊಂದು, ದಿನಕ್ಕೆ ಆರು ಸಲ ಹತ್ತಿ ಹನ್ನೆರಡು ಕೊಡ. ಗಂಡನ ಸ್ನಾನಕ್ಕೆ ಎರಡು, ಮಗನ ಸ್ನಾನಕ್ಕೆ ಎರಡು. ಮಗ ಮಂಜುಗಡ್ಡೆ ಕಾರ್ಖಾನೆಯಿಂದ ಉಪ್ಪು, ಮೀನಿನ ವಾಸನೆ ಮೆತ್ತಿಕೊಂಡು ಬರುತ್ತಿದ್ದ. ಅತ್ತೆಗೆ ಒಂದು ಬಿಸಿನೀರು, ಒಂದು ತಣ್ಣೀರು. ಅಡುಗೆಗೆ ಎರಡು, ಪಾತ್ರೆಗೆ ಎರಡು, ಬಟ್ಟೆಗೆ ಒಂದೂವರೆ. ಉಳಿದ ಅರ್ಧ ಕೊಡ ಅವಳದು. ಪಾತ್ರೆ ತೊಳೆದ ನೀರಿನಲ್ಲಿ ನೆಲ ಒರೆಸಿ, ನೆಲ ಒರೆಸಿದ ನೀರನ್ನು ಕಕ್ಕಸಿಗೆ ಹಾಕುತ್ತಿದ್ದಳು. ಆ ಮನೆಯಲ್ಲಿ ಒಂದು ತಂಬಿಗೆ ನೀರೂ ಒಂದೇ ಸಲ ಬಳಕೆಯಾಗಿ ಸತ್ತದ್ದಿಲ್ಲ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಹೆರಿಗೆಯಾದ ಹನ್ನೊಂದನೆಯ ದಿನ ಮತ್ತೆ ಕೊಡ ಎತ್ತಿದವಳು ಅವಳು.

ಇಪ್ಪತ್ತೇಳನೆಯ ವರ್ಷ, ಅರುವತ್ತನೆಯ ಮೆಟ್ಟಿಲಿನ ಹತ್ತಿರ, ಒಳಗೆ ಏನೋ ಕಳಚಿ ಕೆಳಕ್ಕೆ ಜಾರಿದಂತಾಯಿತು. ಮೊದಲು ಬರೀ ಭಾರ. ಆಮೇಲೆ ಕೂತರೆ ಕೈಗೆ ಸಿಗುವಷ್ಟು. ಬಲೆಯಾಕೆಯೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಗರ್ಭಕೋಶ ಕೆಳಗಿಳಿದಿದೆ," ಎಂದರು ಡಾಕ್ಟರಮ್ಮ. "ದಿನಾ ಏನು ಕೆಲಸ ಮಾಡ್ತೀರಿ?"

"ಏನೂ ಇಲ್ಲ. ಮನೇಲೇ ಇರ್ತೀನಿ."

"ನಡುಪೇಟೆಯವಳು ಡಾಕ್ಟರೇ," ಎಂದಳು ಬಲೆಯಾಕೆ.

ಡಾಕ್ಟರಮ್ಮನಿಗೆ ಅಷ್ಟು ಸಾಕಾಯಿತು. "ಆಪರೇಷನ್ ಮಾಡೋಣ. ಆದ್ರೆ ನೀರು ಹೊರೋದು ನಿಲ್ಲದೆ ಮಾಡಿ ಪ್ರಯೋಜನ ಇಲ್ಲ. ಹಾಕಿದ ಹೊಲಿಗೆ ಬಿಚ್ಚಿಕೊಳ್ಳುತ್ತೆ. ಹೊರೋರು ಬೇರೆ ಯಾರಾದ್ರೂ ಸಿಕ್ಕಿದ ಮೇಲೆ ಬನ್ನಿ."

ದರ್ಜಿಯ ಹೆಂಡತಿಗೆ ಹೊಲಿಗೆಯ ಮಾತು ಚೆನ್ನಾಗಿ ಅರ್ಥವಾಯಿತು. ಜೀರ್ಣವಾದ ಬಟ್ಟೆಗೆ ಎಷ್ಟು ಹೊಲಿಗೆ ಹಾಕಿದರೂ ಎಳೆದಾಗ ಹರಿಯುವುದು ಬಟ್ಟೆಯೇ.

ಅದೇ ತಿಂಗಳು ಪುರಸಭೆಯಿಂದ ಸುದ್ದಿ ಬಂತು. ಗುಡ್ಡಕ್ಕೆ ಹೊಸ ಪೈಪು ಬರುತ್ತದೆ, ಮನೆಮನೆಗೆ ನಲ್ಲಿ. ಆದರೆ ಸದ್ಯಕ್ಕೆ ಒಂದೇ ಪೇಟೆಗೆ. ಇಂಜಿನಿಯರ್ ಬಂದು ಎಲ್ಲಿ ಹೆಚ್ಚು ತೊಂದರೆ ಇದೆ ಎಂದು ನೋಡಿ ವರದಿ ಕೊಡುತ್ತಾರೆ. ಅವಳು ಬೆರಳಲ್ಲೇ ಲೆಕ್ಕ ಹಾಕಿದಳು: ಪೈಪು ಬಂದರೆ ಆಪರೇಷನ್. ಬಾರದಿದ್ದರೆ ಇಲ್ಲ.

ನಡುಪೇಟೆಗೊಂದು ಹಿತರಕ್ಷಣಾ ಸಮಿತಿಯಿತ್ತು. ಅಧ್ಯಕ್ಷ ಒಬ್ಬ ನಿವೃತ್ತ ಗುಮಾಸ್ತ, ಕಾರ್ಯದರ್ಶಿ ನಮ್ಮ ದರ್ಜಿ. ಹನ್ನೊಂದು ಜನರಲ್ಲಿ ಕೊಡ ಎತ್ತಿದವರು ಒಬ್ಬರೂ ಇಲ್ಲ. ನೀರಿನ ಬಗ್ಗೆ ಭಾಷಣ ಮಾಡದವರೂ ಒಬ್ಬರಿಲ್ಲ. ದರ್ಜಿಯ ಅಂಗಡಿಯಲ್ಲಿ ಸೇರಿ ಅವರು ಎರಡೆರಡು ಲೋಟ ಚಹಾ ಕುಡಿದು ಮನವಿ ಬರೆದರು. ಚಹಾದ ನೀರೂ ಮೆಟ್ಟಿಲು ಹತ್ತಿಯೇ ಬಂದದ್ದು.

"ಸಾಹೇಬ್ರು ಬರೋ ದಾರಿ ಚೊಕ್ಕಟವಾಗಿರ್ಬೇಕು," ಎಂದ ಅಧ್ಯಕ್ಷ. "ಮೆಟ್ಟಿಲು ಪಾಚಿ ಕಟ್ಟಿದೆ. ಹೆಂಗಸರಿಗೆ ಹೇಳಿ ತೊಳೆಸಿಬಿಡಿ."

"ಅದಕ್ಕೇನಂತೆ," ಎಂದ ದರ್ಜಿ.

ಇಂಜಿನಿಯರ್ ಬರುವ ದಿನ ಬೆಳಿಗ್ಗೆ ಐದಕ್ಕೆ ನಡುಪೇಟೆಯ ಹೆಂಗಸರೆಲ್ಲ ನಲ್ಲಿಯ ಮುಂದೆ ಸಾಲುಗಟ್ಟಿದರು. ಮನೆಯ ನೀರಿನ ಜೊತೆಗೆ ಮೆಟ್ಟಿಲಿನ ನೀರು. ತೊಂಬತ್ತನಾಲ್ಕನ್ನೂ ಉಜ್ಜಿ, ಮೇಲಿನಿಂದ ಕೆಳಗೆ ನೀರು ಸುರಿಯುತ್ತ ಇಳಿದರು.

"ನೀರಿಲ್ಲ ಅಂತ ತೋರ್ಸೋಕೆ ನೀರು ಹೊರ್ತಾ ಇದ್ದೀವಿ ಕಣ್ರೇ," ಎಂದು ಬಲೆಯಾಕೆ ಸೊಂಟ ಹಿಡಿದು ನಕ್ಕಳು. "ನಮ್ಮಂಥ ಬುದ್ಧಿವಂತರನ್ನ ದೇವರು ಇನ್ನೊಂದು ಸಲ ಹುಟ್ಟಿಸಲ್ಲ. ನನ್ನ ಮಾತು ಕೇಳಿ. ಮನೇಲಾದ್ರೂ ಕೊಡ ಖಾಲಿ ಇಡಿ. ಬಂದವರ ಕಣ್ಣಿಗೆ ಬೋರಲು ಬಿದ್ದ ಕೊಡ ಕಾಣ್ಲಿ."

ದರ್ಜಿಯ ಹೆಂಡತಿಗೆ ಆ ಮಾತು ನೆಟ್ಟಗೆ ಹೋಗಿ ನಾಟಿತು. ಮನೆಗೆ ಬಂದವಳು ಇನ್ನೂ ತುಂಬದ ನಾಲ್ಕು ಕೊಡಗಳನ್ನು ಬಾಗಿಲಿಗೆದುರಾಗಿ ಬೋರಲು ಹಾಕಿದಳು. ಮಂಚದ ಮೇಲಿಂದ ಅತ್ತೆ ತಲೆಯೆತ್ತಿದರು.

"ಯಾರು ಸತ್ತರು ಅಂತ ಬೋರಲು ಹಾಕಿದೀಯೇ?"

"ಇಂಜಿನಿಯರು ನೋಡ್ಲಿ ಅಂತ, ಅತ್ತೆ."

"ನೋಡಿ ಏನಂತಾನೆ? ಈ ಮನೇಲಿ ನೀರು ತರೋ ಹೆಣ್ಣು ದಿಕ್ಕಿಲ್ಲ ಅಂತಾನೆ. ನನ್ನ ಕಾಲದಲ್ಲಿ ಈ ಮನೆ ಕೊಡ ಒಂದು ಗಳಿಗೆ ಬರಿದಾಗಿದ್ದಿಲ್ಲ. ತುಂಬ್ಸು."

ಗಂಡನ ಕಡೆ ನೋಡಿದಳು. ಅವನು ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ಅಮ್ಮ ಹೇಳೋದು ಸರಿ. ಸಮಿತಿ ಕಾರ್ಯದರ್ಶಿ ಮನೆ ಇದು. ಪಾಪರ್ ಥರ ಕಾಣಬಾರ್ದು."

ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಒಳಗಿನಿಂದ ಜಾರಿದ್ದನ್ನು ಬಟ್ಟೆ ಕಟ್ಟಿ ಬಿಗಿದುಕೊಂಡು ಅವಳು ಮತ್ತೆ ಎರಡು ಸಲ ಇಳಿದು ಹತ್ತಿದಳು. ಕೊಡಗಳನ್ನು ಕಂಠಮಟ್ಟ ತುಂಬಿ, ಬೂದಿ ಹಾಕಿ ಬೆಳಗಿ, ಸಾಲಾಗಿ ಇಟ್ಟಳು. ಆ ಬೆಳಿಗ್ಗೆ ನಡುಪೇಟೆಯಲ್ಲಿ ಬಲೆಯಾಕೆಯ ಮನೆ ಬಿಟ್ಟು ಬೇರೆ ಯಾವ ಮನೆಯ ಕೊಡವೂ ಖಾಲಿ ಇರಲಿಲ್ಲ. ಪ್ರತಿ ಮನೆಗೂ ಒಬ್ಬೊಬ್ಬರು ಅತ್ತೆಯಿದ್ದರು.

ಇಂಜಿನಿಯರ್ ಏದುಸಿರು ಬಿಡುತ್ತ ಹತ್ತಿ ಬಂದ. ದರ್ಜಿ ತಾನೇ ತಂಬಿಗೆ ಎತ್ತಿ ಅವನ ಕೈಗೆ ನೀರು ಹೊಯ್ದ. ಒಂದು ತಂಬಿಗೆ ಸಾಕಿತ್ತು, ಮೂರು ಹೊಯ್ದ. "ಮುಖಾನೂ ತೊಳ್ಕೊಳಿ ಸಾರ್, ಸಂಕೋಚ ಬೇಡ." ಮೂರು ತಂಬಿಗೆಯ ನೀರು ಅಂಗಳದಿಂದ ಮೆಟ್ಟಿಲಿಗೆ ಹರಿಯುವುದನ್ನು ಅವಳು ಬಾಗಿಲ ಮರೆಯಿಂದ ನೋಡಿದಳು.

ಇಂಜಿನಿಯರ್ ಒಳಗೆ ಇಣುಕಿದ. ಹನ್ನೆರಡು ಕೊಡ, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಏನಮ್ಮಾ, ನೀರಿಗೆ ತುಂಬಾ ತೊಂದ್ರೆನಾ?"

ಅವನು ಕೇಳಿದ್ದು ಅವಳನ್ನೇ. ಅವಳ ಬಾಯಿ ತೆರೆಯಿತು ಕೂಡ. ಹೇಳಬೇಕಾದದ್ದು ಒಂದೇ ಮಾತು, ಆದರೆ ಆ ಮಾತು ಸೊಂಟದ ಕೆಳಗಿನದು. ಗಂಡ, ಗುಮಾಸ್ತ, ಸಮಿತಿಯ ಒಂಬತ್ತು ಗಂಡಸರು, ಪರ ಊರಿನ ಸಾಹೇಬ. ಇಷ್ಟು ಜನರ ಮುಂದೆ ಅದನ್ನು ಯಾವ ಮಾತಿನಲ್ಲಿ ಹೇಳುವುದು?

ಅಷ್ಟರಲ್ಲಿ ದರ್ಜಿ ನಕ್ಕುಬಿಟ್ಟ. "ತೊಂದ್ರೆ ಪೇಟೆಗೆ ಸಾರ್. ನಮ್ಮನೇಲಿ ನೀರಿಲ್ಲ ಅನ್ನೋ ಮಾತು ಒಂದು ದಿನಾನೂ ಬಂದಿಲ್ಲ. ಅಷ್ಟು ಅಚ್ಚುಕಟ್ಟು ಇವಳು. ಅಲ್ವೇನೇ?"

"ಹೂಂ. ಹೇಗೋ ನಡೀತಿದೆ," ಎಂದಳು ಅವಳು.

ಇಂಜಿನಿಯರ್ ಬರೆದುಕೊಂಡ. ಮುಂದಿನ ಹದಿನೈದು ಮನೆಗಳಲ್ಲೂ ಸಾಲುಗೊಂಡ ತುಂಬಿದ ಕೊಡ ನೋಡಿದ. ಬಲೆಯಾಕೆಯ ಮನೆಯ ಬೋರಲು ಕೊಡ ಕಂಡಾಗ ಗುಮಾಸ್ತನೇ ವಿವರಿಸಿದ: "ಅವಳು ಸ್ವಲ್ಪ ಸೋಮಾರಿ ಸಾರ್."

ಅದೇ ಮಧ್ಯಾಹ್ನ ಮೇಲ್ಪೇಟೆಯಲ್ಲಿ ಲಾರಿ ಡ್ರೈವರೊಬ್ಬನ ಹೆಂಡತಿ ಇಂಜಿನಿಯರನ್ನು ಹೊರಗೇ ನಿಲ್ಲಿಸಿ, "ಕೈ ತೊಳೆಯೋಕೆ ಕೊಡಲ್ಲ ಸಾರ್, ಮಣ್ಣಲ್ಲಿ ಉಜ್ಕೊಳ್ಳಿ. ಕುಡಿಯೋಕೆ ಬೇಕಾದ್ರೆ ಮಗು ಲೋಟದಲ್ಲಿ ಅರ್ಧ ಇದೆ," ಎಂದಳಂತೆ. ಟ್ಯಾಂಕರ್ ಅದರ ಹಿಂದಿನ ದಿನವಷ್ಟೇ ಬಂದುಹೋಗಿತ್ತು.

ವರದಿ ಬಂತು. 'ನಡುಪೇಟೆಯ ದಾರಿ ತೊಳೆದು ಶುಭ್ರವಾಗಿದೆ. ಮನೆಗಳಲ್ಲಿ ನೀರಿನ ಸಂಗ್ರಹ ಸಮರ್ಪಕವಾಗಿದೆ. ನಿವಾಸಿಗಳಿಂದ ದೂರಿಲ್ಲ.' ಪೈಪು ಮೇಲ್ಪೇಟೆಗೆ ಹೋಯಿತು. ನಡುಪೇಟೆಗೆ, ಮಹಿಳೆಯರ ಅನುಕೂಲಕ್ಕೆಂದು, ಮೆಟ್ಟಿಲುದ್ದಕ್ಕೂ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿದರು. ಒಂದು ಕೈ ತಲೆಯ ಕೊಡಕ್ಕೆ, ಇನ್ನೊಂದು ಸೊಂಟದ ಕೊಡಕ್ಕೆ. ಕಂಬಿ ಹಿಡಿಯಲು ಮೂರನೆಯ ಕೈಯನ್ನು ಪುರಸಭೆ ಮಂಜೂರು ಮಾಡಿರಲಿಲ್ಲ. ಸಂಜೆ ಗಂಡಸರು ಅದಕ್ಕೆ ಒರಗಿ ಬೀಡಿ ಸೇದಿದರು.

"ಅವರು ಕೇಳಿದ್ದು ನಿನ್ನನ್ನ ತಾನೆ?" ಎಂದು ಹಾರಾಡಿದ ದರ್ಜಿ. "ಬಾಯಲ್ಲಿ ಕಡುಬು ತುಂಬಿತ್ತಾ? ನಿನ್ನಿಂದ ಇಡೀ ಪೇಟೆಗೆ ಪೈಪು ತಪ್ಪಿತು."

ಆಗ ಅವಳು ಹೇಳಿದಳು. ಡಾಕ್ಟರಮ್ಮ ಅಂದದ್ದು, ಆಪರೇಷನ್ನಿನದು, ಎಲ್ಲ. ಅವನು ಅವಳ ಪಕ್ಕಕ್ಕೆ ಬಂದು ಕೂತ. ಕಲ್ಲೆದೆಯವನೇನಲ್ಲ. ನಂತರ ಕೇಳಿದ್ದು ಇದು: "ಹಾಗಾದ್ರೆ ನೀರು ಯಾರು ತರೋದು?"

"ನೀವು ತನ್ನಿ," ಎಂದು ಅವಳು ಹೇಳಲಿಲ್ಲ. ಹೇಳಬಹುದು ಎಂದು ಹೊಳೆಯಲೂ ಇಲ್ಲ. ಮಗ ಗೋಡೆಯ ಕಡೆ ತಿರುಗಿ ಫೋನು ನೋಡತೊಡಗಿದ.

"ನನಗೂ ಜಾರಿತ್ತು," ಎಂದರು ಅತ್ತೆ ಮಂಚದ ಮೇಲಿಂದ. "ಇವನು ಹುಟ್ಟಿದ ವರ್ಷವೇ. ಬಟ್ಟೆ ಕಟ್ಕೊಂಡು ಹೊತ್ತೆ. ನೀನು ಬಂದೆ, ಬಿಟ್ಟೆ."

ಇಪ್ಪತ್ತಾರು ವರ್ಷದಲ್ಲಿ ಅತ್ತೆ ತಮ್ಮ ದೇಹದ ಬಗ್ಗೆ ಆಡಿದ ಮಾತು ಇದೊಂದೇ. ದರ್ಜಿಯ ಹೆಂಡತಿಗೆ ಕನಿಕರ ಹುಟ್ಟಬೇಕಿತ್ತು, ಸಿಟ್ಟಾದರೂ. ಹುಟ್ಟಿದ್ದು ಉಪಾಯ. ಅವಳು ತಿರುಗಿ ಮಗನನ್ನು ನೋಡಿದಳು. ಇಪ್ಪತ್ತೈದು ತುಂಬಿತ್ತು ಅವನಿಗೆ.

ಮುಂದಿನ ವಾರವೇ ಕೆಳಪೇಟೆಗೆ ಇಳಿದಳು. ಅಲ್ಲಿ ಮೀನು ಒಣಗಿಸುವ ವಿಧವೆಯೊಬ್ಬಳಿಗೆ ಮದುವೆಗೆ ಬಂದ ಮಗಳಿದ್ದಳು. ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಚರಂಡಿ ನೀರಿನ ಗುರುತು ಗೋಡೆಯ ಮೊಣಕಾಲು ಮಟ್ಟಕ್ಕಿದ್ದ ಆ ಮನೆಯಲ್ಲಿ ಮನೆಯೊಳಗೇ ನಲ್ಲಿ ಇತ್ತು. ದರ್ಜಿಯ ಹೆಂಡತಿ ಹುಡುಗಿಯ ಮುಖವನ್ನು ಅಷ್ಟಾಗಿ ನೋಡಲಿಲ್ಲ. ಕುತ್ತಿಗೆ ನೋಡಿದಳು, ಮೀನಖಂಡ ನೋಡಿದಳು. "ಆ ಗ್ಯಾಸ್ ಸಿಲಿಂಡರ್ ದಾರಿಗಡ್ಡ ಇದೆಯಲ್ಲಮ್ಮ, ಸ್ವಲ್ಪ ಆಚೆ ಇಡ್ತೀಯಾ?" ಎಂದಳು. ಹುಡುಗಿ ತುಂಬಿದ ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿ ಮೂಲೆಗಿಟ್ಟಳು, ಉಸಿರು ಏರಲಿಲ್ಲ. ದರ್ಜಿಯ ಹೆಂಡತಿ ಚಹಾ ಮುಗಿಸಿದಳು.

"ನಡುಪೇಟೇಲಿ ನೀರಿಗೆ ಕಷ್ಟ ಅಂತಾರಲ್ಲ ಅಕ್ಕ?" ಎಂದು ತಾಯಿ ಅಳುಕುತ್ತ ಕೇಳಿದಳು.

"ಪೈಪಿಗೆ ಇಂಜಿನಿಯರ್ರೇ ಬಂದು ನೋಡ್ಕೊಂಡು ಹೋಗಿದ್ದಾರೆ. ನಮ್ಮನೆಯವರೇ ಸಮಿತಿ ಕಾರ್ಯದರ್ಶಿ."

ಎರಡು ಮಾತೂ ನಿಜ.

"ಮದುವೆ ಆದ್ಮೇಲೂ ನಾನು ಕೆಲಸಕ್ಕೆ ಹೋಗ್ಬಹುದಾ?" ಎಂದಳು ಹುಡುಗಿ.

"ಅಂಗಡಿ ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

"ಧಾರಾಳವಾಗಿ ಹೋಗಮ್ಮ. ಒಂಬತ್ತರ ಒಳಗೆ ನಮ್ಮನೇಲಿ ಎಲ್ಲಾ ಕೆಲಸ ಮುಗಿದಿರುತ್ತೆ."

ಸುದ್ದಿ ತಿಳಿದ ಬಲೆಯಾಕೆ ನಲ್ಲಿಯ ಮುಂದೆ ಎಲ್ಲರೆದುರೇ ಅಂದಳು: "ಕಸಾಯಿಯವನೂ ಕುರಿಗೆ ಸುಳ್ಳು ಹೇಳಲ್ಲ ಕಣೇ." ಅಂದಿನಿಂದ ಅವಳೊಡನೆ ಮಾತು ಬಿಟ್ಟಳು. ತುಂಬಿದ ಕೊಡ ಎಂದಿನಂತೆ ತುಳುಕಲಿಲ್ಲ.

ಮದುವೆಯಾದ ಹದಿನಾಲ್ಕನೆಯ ದಿನ ಆಪರೇಷನ್ ಆಯಿತು. ಹದಿನೇಳನೆಯ ದಿನ ಅವಳು ಮನೆಗೆ ಬಂದಳು. ಹದಿನೆಂಟನೆಯ ದಿನ ಬೆಳಿಗ್ಗೆ ಐದಕ್ಕೆ, ಅಭ್ಯಾಸಬಲದಿಂದ ಎಚ್ಚರವಾಯಿತು. ಕಾಲು ತಾನಾಗಿ ನೆಲ ಹುಡುಕಿತು. ಅಷ್ಟರಲ್ಲಿ ಅಂಗಳದಲ್ಲಿ ಕೊಡದ ಸದ್ದು. ಸೊಸೆ ಇಳಿದಳು, ಹತ್ತಿದಳು. ಮತ್ತೆ ಇಳಿದಳು. ನಾಲ್ಕನೆಯ ಸಲ ಹತ್ತುವಾಗ ಅಂಗಳದ ಅಂಚಿನಲ್ಲಿ ಕೊಡವೊಂದು ಉರುಳಿತು. ಹುಡುಗಿ ಅಲ್ಲೇ ಕೂತಳು. ಅವಳು ಅಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಸೊಸೆ ಬಾಗಿಲಲ್ಲಿ ಬಂದು ನಿಂತಳು. ಸೀರೆ ಅರ್ಧ ಒದ್ದೆ, ಮೊಣಕಾಲಿನ ಹತ್ತಿರ ರಕ್ತ.

"ಅತ್ತೆ, ಪೈಪು ಯಾವಾಗ ಬರುತ್ತೆ?"

ದರ್ಜಿಯ ಹೆಂಡತಿ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಉಸಿರಾಡಿದಳು. ಸೊಸೆ ಕೊಂಚ ಹೊತ್ತು ಕಾದು ಮತ್ತೆ ಕೊಡ ಎತ್ತಿಕೊಂಡು ಹೋದಳು. ಅವಳ ಹೆಜ್ಜೆ ಕೆಳಗೆ ಕೆಳಗೆ ಇಳಿದು ಕೇಳಿಸದಾಯಿತು. ಅಷ್ಟರಲ್ಲಿ ನಿದ್ದೆ ನಿಜವಾಗಿಯೇ ಬಂತು. ಎಂಟು ಗಂಟೆಯವರೆಗೆ, ಮಗ್ಗುಲು ಬದಲಿಸದೆ ಮಲಗಿದಳು.