ಇಪ್ಪತ್ತು ಲಾರಿ ಹೋಗುವವರೆಗೆ

ಸಾವರ್ಡೆಯ ನಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ಆಯಿ ಖಿಚಡಿಯನ್ನು ಮೊದಲು ತಾವೇ ಒಂದು ಬಟ್ಟಲು ತಿನ್ನುತ್ತಿದ್ದರು. ಆಮೇಲೆ ಪಾತ್ರೆ ಮುಚ್ಚಿ ಬಾಗಿಲಲ್ಲಿ ಕೂತು, "ಇಪ್ಪತ್ತು ಲಾರಿ ಹೋಗ್ಲಿ, ಆಮ್ಯಾಲೆ ನೀವು ಉಣ್ರಿ" ಎನ್ನುತ್ತಿದ್ದರು. ಅದಿರಿನ ಲಾರಿಗಳು ಕೆಂಪು ಧೂಳಿನಲ್ಲಿ ತೇಲಿದಂತೆ ಹೋಗುತ್ತಿದ್ದವು. ಆಯಿ ಬೆರಳು ಮಡಚಿ ಎಣಿಸುತ್ತಿದ್ದರು, ನಾವು ತೂಕಡಿಸುತ್ತಿದ್ದೆವು. ಅವರಿಗೆ ನಮಗಿಂತ ಹಸಿವು ಜಾಸ್ತಿ ಎಂದುಕೊಂಡಿದ್ದೆ.

ಒಂದು ದಿನ ಹದಿನೆಂಟನೆಯ ಲಾರಿಗೆ ಬೆರಳು ನಿಂತಿತು. ಆಯಿ ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿ ವಾಂತಿ ಮಾಡಿದರು. ತಿರುಗಿ ಬಂದವರೇ ಪಾತ್ರೆ ಎಳೆದೊಯ್ದು ಖಿಚಡಿಯನ್ನೆಲ್ಲ ಗುಂಡಿಗೆ ಸುರಿದರು.

"ಆಯಿ, ಊಟ?" ಎಂದೆ.

"ಇವತ್ತ ಲಾರಿ ಬರೂದಿಲ್ಲ ನನ್ನವ್ವ, ಮಲ್ಕೋ" ಎಂದು ತಲೆ ಸವರಿದರು. ಕೈ ತಣ್ಣಗಿತ್ತು.

ಲಾರಿಗಳ ಸದ್ದು ಕೇಳುತ್ತಲೇ ಇತ್ತು. ಕಣ್ಣು ಮುಚ್ಚಿಕೊಂಡೇ ಇಪ್ಪತ್ತೂ ಎಣಿಸಿದೆ. ಆಯಿ ಸುಳ್ಳು ಹೇಳಿದರೆಂದು ಸಿಟ್ಟು ಮಾಡಿಕೊಂಡು ನಿದ್ದೆಹೋದೆ.