ತೊಂಬತ್ತು ಮುಚ್ಚಳಗಳ ಅಕ್ಕ

ಬೆಳಗಿನ ಐದೂಕಾಲು. ಆಂಬುಲೆನ್ಸ್ ಶೆಡ್ಡಿನ ದೀಪಗಳು ಇನ್ನೂ ಉರಿಯುತ್ತಿವೆ. ಎಂಟನೇ ನಂಬರಿನ ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ಹೆಂಗಸು ಗಾಳಿ ತುಂಬುವ ವಾಲ್ವ್ ಮೇಲಿನ ಪುಟ್ಟ ಕಪ್ಪು ಮುಚ್ಚಳವನ್ನು ಎರಡೇ ಬೆರಳಲ್ಲಿ ತಿರುಗಿಸಿ ತೆಗೆದು, ಕಳೆದುಹೋಗದಂತೆ ತುಟಿಗಳ ನಡುವೆ ಕಚ್ಚಿಕೊಳ್ಳುತ್ತಾರೆ. ಮೀಟರ್ ಒತ್ತಿ ಗಾಳಿ ನೋಡುತ್ತಾರೆ. ವಾಲ್ವ್ ಬಾಯಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಕಾಯುತ್ತಾರೆ. ಇಲ್ಲ, ಏಳಲಿಲ್ಲ. ಒರೆಸಿ, ಮುಚ್ಚಳ ಹಾಕಿ, ಮುಂದಿನ ಚಕ್ರಕ್ಕೆ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ನಾಲ್ಕು ಪ್ರಶ್ನೆಗೂ ಒಂದೇ ಉತ್ತರ, "ಹ್ಞೂಂ." ಮುಚ್ಚಳ ಬಾಯಲ್ಲಿರುವಾಗ ಇವರನ್ನು ಮಾತಾಡಿಸುವವನೇ ದಡ್ಡ!

ಶೆಡ್ಡಿಗೆಲ್ಲ ಇವರು ಮುಚ್ಚಳದಕ್ಕ. ಹದಿನೆಂಟು ಗಾಡಿ, ಸ್ಟೆಪ್ನಿ ಸೇರಿ ಗಾಡಿಗೆ ಐದು ಚಕ್ರ, ದಿನಕ್ಕೆ ತೊಂಬತ್ತು ಮುಚ್ಚಳ. ಹನ್ನೊಂದು ವರ್ಷದಿಂದ ಇದೇ ಲೆಕ್ಕ. ಆದರೆ ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಇವರು ಕಸ ಗುಡಿಸುವವರು! ಇವತ್ತು ಹತ್ತು ಗಂಟೆಗೆ ಪರೀಕ್ಷಕರು ಬರುತ್ತಾರೆ. ಪಾಸಾದರೆ ಅಕ್ಕ ಟೈರ್ ಮೆಕ್ಯಾನಿಕ್. ಫೇಲಾದರೆ ಆ ಕೆಲಸಕ್ಕೆ ಹೊರಗಿನವರು ಬರುತ್ತಾರೆ, ಅಕ್ಕ ಇನ್ನು ಮುಂದೆ ವಾಲ್ವ್ ಮುಟ್ಟುವಂತಿಲ್ಲ. ನಾನಂತೂ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೇನೆ. ಇವರು ನೋಡಿದರೆ ಆಗಲೇ ಒಂಬತ್ತನೇ ಗಾಡಿಯ ಹತ್ತಿರ ಕೂತಾಗಿದೆ.

"ಗುಡಿಸುವಾಗ ದಿನಾ ಮೂರು ನಾಲ್ಕು ಮುಚ್ಚಳ ಸಿಗೋವು," ಎನ್ನುತ್ತಾರೆ, ಕೊನೆಗೂ ಬಾಯಿ ಬಿಡುವಾದಾಗ. "ಯಾವ ಚಕ್ರದ್ದೋ ಅಂತ ಹುಡುಕಿ ಹುಡುಕಿ ಹಾಕ್ತಿದ್ದೆ. ಡ್ರೈವರುಗಳು ನಗೋರು. ಅದಿಲ್ದಿದ್ರೂ ಗಾಡಿ ಓಡುತ್ತೆ ಅಕ್ಕಾ ಅನ್ನೋರು. ಓಡುತ್ತೆ, ಯಾರು ಇಲ್ಲ ಅಂದ್ರು?"

ನಗದೆ ನೋಡುತ್ತಿದ್ದವರು ಶೆಡ್ಡಿನ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ. ಒಂದು ದಿನ ಕರೆದು ಅಕ್ಕನ ಕೈಗೆ ಗಾಳಿ ಮೀಟರ್ ಕೊಟ್ಟೇಬಿಟ್ಟರು. ಅಲ್ಲಿಂದ ಪಂಕ್ಚರ್, ಜಾಕ್, ಟೈರ್ ಬಿಚ್ಚುವುದು, ಎಲ್ಲ ಒಂದೊಂದಾಗಿ ಬಂತು. ಮನೆಯಲ್ಲಿ ಬಟ್ಟೆ ಹೊಲಿಯುವ ಗಂಡ, ಹಾಸಿಗೆ ಹಿಡಿದ ಅತ್ತೆ. ಅತ್ತೆಗೆ ಗಂಜಿ ಕುಡಿಸಿಯೇ ಅಕ್ಕ ಮನೆ ಬಿಡುವುದು. ಮಂಡಿ ನೋವು ಎಷ್ಟು ಹಳೆಯದೆಂದು ಕೇಳಿದರೆ, "ಅದೂ ನನ್ ಜೊತೇನೇ ಡ್ಯೂಟಿಗೆ ಸೇರಿದ್ದು ಬಿಡಿ," ಎಂದು ನಗುತ್ತಾರೆ.

ಅಷ್ಟಕ್ಕೂ ಈ ಚಿಟಿಕೆ ಮುಚ್ಚಳ ಮಾಡುವುದೇನು? ಕೇಳಿದ್ದೇ ತಡ, ಅಕ್ಕನ ಕಣ್ಣು ಅರಳುತ್ತದೆ.

"ವಾಲ್ವ್ ಒಳಗೊಂದು ಸಣ್ಣ ಪಿನ್ ಇದೆ, ಗಾಳಿ ತಡೆಯೋದು ಅದು. ಅದರ ಮೇಲೆ ಒಂದೇ ಒಂದು ಮರಳಿನ ಕಾಳು ಕೂತ್ರೂ ಸಾಕು, ಗಾಳಿ ಹೊಡೆಯುವಾಗ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಆಮೇಲೆ ಸೋರೋಕೆ ಶುರು. ಮುಚ್ಚಳ ಇದ್ರೆ ಮಣ್ಣೂ ಇಲ್ಲ, ನೀರೂ ಇಲ್ಲ. ಪಿನ್ ಚೂರು ಸೋರಿದ್ರೂ ಒಳ್ಳೇ ಮುಚ್ಚಳ ಒಂದಿಷ್ಟು ತಡೆಯುತ್ತೆ. ಗಾಡೀಲಿ ಮಲಗಿರೋರು ಯಾರ ಮನೆಯವರೋ ಏನೋ, ದಾರಿ ಮಧ್ಯ ನಿಂತುಬಿಟ್ರೆ?"

ಇಷ್ಟು ಬಲ್ಲವರೂ ಒಮ್ಮೆ ಎಡವಿದ್ದಾರೆ. ಕೆಲಸ ಕಲಿತ ಹೊಸತು. ಡ್ರೈವರೊಬ್ಬರು ಚಂದಕ್ಕೆಂದು ಥಳಥಳ ಹೊಳೆಯುವ ಲೋಹದ ಮುಚ್ಚಳಗಳನ್ನು ತಂದುಕೊಟ್ಟರು, ಅಕ್ಕ ಖುಷಿಯಿಂದ ಹಾಕಿದರು. ಮಳೆಗಾಲ ಕಳೆಯುವಷ್ಟರಲ್ಲಿ ಮುಚ್ಚಳದ ಲೋಹ, ವಾಲ್ವಿನ ಲೋಹ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಇಕ್ಕಳ ಹಾಕಿ ತಿರುಗಿಸಿದ್ದೇ ವಾಲ್ವ್ ಬುಡಸಮೇತ ಕಿತ್ತು ಬಂತು. ಗಾಡಿ ನಲವತ್ತು ನಿಮಿಷ ನಿಂತಿತು. "ಪುಣ್ಯಕ್ಕೆ ಬೇರೆ ಗಾಡಿ ಇತ್ತು. ಅವತ್ತು ಸ್ಟೆಪ್ನಿ ರಾಶಿ ಹಿಂದೆ ಕೂತು ಗೊಳೋ ಅಂತ ಅತ್ತೆ," ಎನ್ನುತ್ತಾರೆ.

ಹತ್ತು ಗಂಟೆ. ಪರೀಕ್ಷಕರು ಬಂದೇಬಿಟ್ಟರು! ಗರಿಗರಿ ಅಂಗಿ, ಕೈಯಲ್ಲಿ ಅಂಕಪಟ್ಟಿ. ಜಾಕ್ ಹಾಕಿಸುತ್ತಾರೆ, ಪಂಕ್ಚರ್ ಹಾಕಿಸುತ್ತಾರೆ. ಅಕ್ಕನದು ನೀರು ಕುಡಿದಷ್ಟು ಸಲೀಸು. ಕೊನೆಯದಾಗಿ ತಮ್ಮ ಸ್ವಂತ ಕಾರನ್ನೇ ತೋರಿಸಿ, "ಮುಚ್ಚಳ ತೆಗೆದು ಗಾಳಿ ಎಷ್ಟಿದೆ ಹೇಳಿ," ಎನ್ನುತ್ತಾರೆ.

ಅಯ್ಯೋ, ಅದರಲ್ಲಿರುವುದು ಲೋಹದ ಮುಚ್ಚಳ! ಅಕ್ಕ ಬೆರಳಲ್ಲಿ ತಿರುಗಿಸುತ್ತಾರೆ, ಅಲ್ಲಾಡುವುದಿಲ್ಲ. ಅಂಚಿನಲ್ಲಿ ಕಟ್ಟಿದ ತುಕ್ಕಿನ ಬಿಳಿ ಪುಡಿಯನ್ನು ಉಗುರಿಂದ ಕೆರೆದು ನೋಡಿ ಎದ್ದು ನಿಲ್ಲುತ್ತಾರೆ.

"ಇದನ್ನ ಈಗ ತೆಗೆಯಲ್ಲ ಸಾರ್."

"ತೆಗೆಯೋಕೆ ಬರಲ್ವಾ, ಶಕ್ತಿ ಸಾಲಲ್ವಾ?"

"ಎರಡೂ ಅಲ್ಲ. ಕಚ್ಚಿಕೊಂಡಿದೆ, ಬಲವಂತ ಮಾಡಿದ್ರೆ ಮುರಿಯುತ್ತೆ. ಹೊಸ ವಾಲ್ವ್ ತಂದಿಟ್ಕೊಂಡು, ಚಕ್ರ ಬಿಚ್ಚಿ ಆಮೇಲೆ ಮುಟ್ತೀನಿ."

"ಒಂದು ಮುಚ್ಚಳಕ್ಕೆ ಇಷ್ಟು ಪುರಾಣವೇನಮ್ಮಾ? ತೆಗೆಯದಿದ್ರೆ ಸೊನ್ನೆ ಹಾಕ್ತೀನಿ. ಸೊನ್ನೆ ಅಂದ್ರೆ ಫೇಲು, ಗೊತ್ತಲ್ಲ?"

ನನ್ನ ಪಕ್ಕ ಮೇಸ್ತ್ರಿ ಉಸಿರು ಬಿಗಿಹಿಡಿದಿದ್ದಾರೆ. ತೆಗೆದುಬಿಡಕ್ಕಾ, ಏನಾದರಾಗಲಿ ಎಂದು ಕೂಗಬೇಕೆನಿಸುತ್ತದೆ ನನಗೆ. ಅಕ್ಕ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಸೊನ್ನೆ ಹಾಕಿ ಸಾರ್. ನೀವು ಮನೆಗೆ ಹೋಗ್ಬೇಕಲ್ಲ."

ಪರೀಕ್ಷಕರಿಗೆ ರೇಗುತ್ತದೆ. ಇಕ್ಕಳ ಎತ್ತಿಕೊಂಡು ತಾವೇ ಬಗ್ಗುತ್ತಾರೆ. ಒಂದು ತಿರುವು, ಎರಡು ತಿರುವು, ಟಕ್! ಮುಚ್ಚಳದ ಜೊತೆ ವಾಲ್ವೂ ಕೈಗೆ ಬರುತ್ತದೆ. ಬುಸ್ಸೆಂದು ಗಾಳಿಯೆಲ್ಲ ಹೋಗಿ, ಕಾರು ನಮ್ಮ ಕಣ್ಣೆದುರೇ ಒಂದು ಕಡೆಗೆ ವಾಲುತ್ತದೆ. ಶೆಡ್ಡಿನಲ್ಲಿ ಯಾರೂ ನಗುವುದಿಲ್ಲ. ನಗದಿರಲು ಎಲ್ಲರೂ ಎಷ್ಟು ಕಷ್ಟಪಟ್ಟರೆಂದು ನಾನು ಬಲ್ಲೆ!

ಅಕ್ಕ ಜಾಕ್ ಎತ್ತಿಕೊಳ್ಳುತ್ತಾರೆ. ಚಕ್ರ ಬಿಚ್ಚಿ, ಹೊಸ ವಾಲ್ವ್ ಕೂರಿಸಿ, ಗಾಳಿ ತುಂಬಿ, ಸೋಪಿನ ನೀರು ಹಚ್ಚಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಇಪ್ಪತ್ತೆರಡು ನಿಮಿಷ. ಪರೀಕ್ಷಕರು ಬಗ್ಗಿ ಹೊಸ ಮುಚ್ಚಳವನ್ನು ತಾವೇ ಒಮ್ಮೆ ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ಆಮೇಲೆ ಕೊನೆಯ ಪ್ರಶ್ನೆಯ ಮುಂದೆ ಹತ್ತಕ್ಕೆ ಹತ್ತು ಬರೆದು, ಕೆಳಗೆ ಸಹಿ ಹಾಕುತ್ತಾರೆ. "ಮಿಕ್ಕ ಮೂರು ಚಕ್ರ ಯಾವಾಗ ತರ್ಲಿ ಅಮ್ಮಾ?" ಎಂದು ಮೆಲ್ಲಗೆ ಕೇಳುತ್ತಾರೆ.

ಅವರ ಕಾರು ಗೇಟು ದಾಟಿದ್ದೇ ಶೆಡ್ಡಿನಲ್ಲಿ ಸಿಳ್ಳೆಯೋ ಸಿಳ್ಳೆ. ಅಕ್ಕ ಗೋಡೆಗೆ ಒರಗಿ ಗಂಡನಿಗೆ ಫೋನು ಮಾಡುತ್ತಾರೆ. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಹ್ಞೂಂ ರೀ, ಆಯ್ತು. ಮುರಿದಿದ್ದು ಅವರು, ಪಾಸಾಗಿದ್ದು ನಾನು!"