ಮೆಷಿನ್ಸ್ ಲ್ಯಾಬಿನ ಹಿಂಬಾಗಿಲು

ಆ ಫಾರಂ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ನೀವು ನಂಬದೆ ಹೋದರೂ ಇಷ್ಟಂತೂ ನಿಜ: ಅಕ್ಷರ ನನ್ನದು, ಪೆನ್ನು ನನ್ನದು, ಸುಳ್ಳೂ ನನ್ನದೇ.

ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುವವಳು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಕೊರಟಗೆರೆಯಲ್ಲಿ ಬಸ್ಸು ಹತ್ತಿ ಮಧುಗಿರಿ ದಾಟಿದ ಮೇಲೆ ಇಳಿಯುತ್ತೇನೆ, ಅಷ್ಟು ಸಾಕು. ಮುಂದಿನ ಐದು ವರ್ಷಗಳಲ್ಲಿ ಏನೇನು ಮಾಡುತ್ತೀರಿ ಎಂದು ಪ್ರತಿ ವಿಭಾಗವೂ ಬರೆದುಕೊಡಬೇಕೆಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ನಮ್ಮ ಎಚ್‌ಓಡಿ ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟರು. ಇಂಥ ಕೆಲಸಗಳು ಯಾವಾಗಲೂ ನನ್ನ ತಲೆಗೇ ಕಟ್ಟಿದವು.

ಬರೆದೆ. ಮೊದಲ ವರ್ಷ ಮೆಷಿನ್ಸ್ ಲ್ಯಾಬಿನ ದುರಸ್ತಿ, ಎರಡನೇ ವರ್ಷ ಸೋಲಾರ್ ಲ್ಯಾಬು, ಮೂರನೇ ವರ್ಷ ಪಾವಗಡದ ಸೋಲಾರ್ ಪಾರ್ಕಿನವರೊಂದಿಗೆ ಒಪ್ಪಂದ, ಐದನೇ ವರ್ಷ ಸಂಶೋಧನಾ ಕೇಂದ್ರ. ಸ್ಟಾಫ್ ರೂಮಿನ ಫ್ಯಾನು ತಿರುಗದೆ ಎರಡು ತಿಂಗಳಾಗಿತ್ತು, ನಾನು ಮಾತ್ರ ಸಂಶೋಧನಾ ಕೇಂದ್ರ ಕಟ್ಟುತ್ತಾ ಕೂತಿದ್ದೆ. ಯೋಜನೆಯ ಹಿಂದೆ ನಲವತ್ತು ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯದ ಫಾರಂ ಲಗತ್ತಿಸಬೇಕಿತ್ತು. ಕಳಿಸಿದವರು ಆರು ಜನ.

"ಉಳಿದದ್ದು ನೀವೇ ಹಾಕಿಬಿಡಿ ಮೇಡಂ," ಎಂದರು ಎಚ್‌ಓಡಿ. "ಎಲ್ಲ ಒಂದೇ ಥರ ಇರಬಾರದು. ಪೆನ್ನು ಬದಲಾಯಿಸಿ. ನಾಲ್ಕೈದು ಕನ್ನಡದಲ್ಲೂ ಇರಲಿ, ನಿಜ ಅನ್ನಿಸುತ್ತೆ."

ಇದು ನಮ್ಮಲ್ಲಿ ಹೊಸದೇನಲ್ಲ. ಇನ್‌ಸ್ಪೆಕ್ಷನ್ ಬಂದಾಗಲೆಲ್ಲ ಹೀಗೇ. ಒಂದು ಭಾನುವಾರ ಮಧ್ಯಾಹ್ನ, ಹಳೆಯ ಅಡ್ಮಿಷನ್ ರಿಜಿಸ್ಟರ್, ನಾಲ್ಕು ಬಣ್ಣದ ಪೆನ್ನು, ಬುತ್ತಿಯ ಡಬ್ಬಿ ಹಿಡಿದುಕೊಂಡು ಲ್ಯಾಬಿನಲ್ಲಿ ಕೂತೆ. ಅಲ್ಲಿ ಉದ್ದನೆಯ ಮೇಜಿದೆ. ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಕಿಟಕಿಯಾಚೆ ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ಮಧುಗಿರಿ ಬೆಟ್ಟವೇ ಕಾಣುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಬೆರಳಿಗೆ ಸಿಕ್ಕ ಹೆಸರು ಆರಿಸುವುದು, ಎರಡು ಒಳ್ಳೆಯ ಮಾತು ಬರೆಯುವುದು, ಮುಂದಿನದಕ್ಕೆ ಹೋಗುವುದು.

ಪಾವಗಡದ ಕಡೆಯ ತಿರುಮಣಿಯ ಒಬ್ಬ ಹುಡುಗಿಯ ಹೆಸರು ಸಿಕ್ಕಿತು. ನಾನು ಕೆಲಸಕ್ಕೆ ಸೇರುವ ಮುಂಚೆಯೇ ಓದು ಮುಗಿಸಿ ಹೋದವಳು. ಹೆಸರು, ವಿಳಾಸ ಬರೆದು ಮುಗಿಸಿದಾಗ ಲ್ಯಾಬಿನ ಹಿಂಬಾಗಿಲು ಸದ್ದಾಯಿತು. ಕಬ್ಬಿಣದ ಬಾಗಿಲು, ಮೂರು ಸಲ, ಮೆಲ್ಲಗೆ. ಎದ್ದು ಹೋಗಿ ಕಿಟಕಿಯಿಂದ ಬಗ್ಗಿ ನೋಡಿದೆ. ಯಾರೂ ಇಲ್ಲ. ಗಾಳಿಯೂ ಇಲ್ಲ. ಹೊರಗೆ ಹಾಕಿದ್ದ ಬೀಗ ಮಾತ್ರ ತೂಗಾಡುತ್ತಿತ್ತು. ನಾಯಿ ಮೈ ಉಜ್ಜಿರಬೇಕು ಎಂದುಕೊಂಡು ವಾಪಸು ಬಂದು ಕೂತೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಿಭಾಗ ಮುಂದೆ ಹೇಗಿರಬೇಕು ಎಂಬ ಪ್ರಶ್ನೆಗೆ ಆ ಫಾರಮ್ಮಿನಲ್ಲಿ ನಾನು ಬರೆದಿದ್ದು ಇಷ್ಟು: "ಲ್ಯಾಬಿನ ಹಿಂಬಾಗಿಲಿಗೆ ಬೀಗ ಹಾಕಬೇಡಿ. ಬಸ್ಸು ತಡವಾದರೆ ನಾನು ಎಲ್ಲಿಂದ ಒಳಗೆ ಬರಲಿ?"

ಓದಿ ನೋಡಿ ನನಗೇ ನಗು ಬಂತು. ಆ ಬೀಗ ಹಾಕಿಸಿದವಳೇ ನಾನು. ಬೆಳಿಗ್ಗೆ ನನ್ನ ಕ್ಲಾಸು ಇದೇ ಲ್ಯಾಬಿನಲ್ಲಿ, ಒಂಬತ್ತು ಹೊಡೆದ ಮೇಲೆ ಯಾರನ್ನೂ ಒಳಗೆ ಬಿಡುವವಳಲ್ಲ. ಪಾವಗಡದ ಬಸ್ಸಿನಲ್ಲಿ ಬರುವ ನಾಲ್ಕು ಮಕ್ಕಳು ದಿನಾ ಕಾಲು ಗಂಟೆ ತಡವಾಗಿ ಬಂದು ಹೊರಗೇ ನಿಲ್ಲುತ್ತಾರೆ, ನಿಲ್ಲಲಿ ಎಂದುಕೊಂಡಿದ್ದವಳು. ಹರಿದುಹಾಕಲು ಕೈ ಹೋಯಿತು. ಆದರೆ ಹೊಸ ಫಾರಂ ಪ್ರಿಂಟ್ ಹಾಕಬೇಕಲ್ಲ ಎಂಬ ಸೋಮಾರಿತನದಲ್ಲಿ ಹಾಗೇ ಬಿಟ್ಟೆ.

ಎಚ್‌ಓಡಿಗೆ ಆ ಸಾಲು ಬಹಳ ಹಿಡಿಸಿತು. ಯೋಜನೆಯನ್ನು ಪುಸ್ತಕ ಮಾಡಿಸಿದಾಗ ಮೊದಲ ಪುಟದಲ್ಲೇ, ಹುಡುಗಿಯ ಹೆಸರು, ಊರಿನ ಸಮೇತ ಹಾಕಿಸಿದರು. ನನ್ನನ್ನು ಕೇಳದೆ ನಲವತ್ತು ವಿಳಾಸಕ್ಕೂ ಒಂದೊಂದು ಪ್ರತಿ ಅಂಚೆಯಲ್ಲಿ ಹೋಯಿತು.

ಪುಸ್ತಕ ನೋಡಿ ಮೊದಲು ಬಂದವರು ನಮ್ಮ ಲ್ಯಾಬಿನ ಮೆಕ್ಯಾನಿಕ್. ಶಿರಾದವರು, ಮೋಟಾರಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಹಿರಿಯರು. ಮೊದಲ ಪುಟ ತೆರೆದು ನನ್ನ ಮುಂದಿಟ್ಟರು.

"ಇದು ಯಾರು ಬರ್ದಿದ್ದು ಮೇಡಂ? ಈ ಹುಡುಗಿ ಹೋಗ್ಬುಟ್ಟು ವರ್ಷದ ಮೇಲಾಯ್ತು. ಜ್ವರ ಬಂದು ಮೂರೇ ದಿನ. ಬೇಚಾರಿ."

ಆ ಸಾಲಿನ ಮೇಲೆ ಬೆರಳಿಟ್ಟರು.

"ಬಸ್ಸು ಲೇಟಾದ್ರೆ ಒಳೀಕ್ ಬರ್ಲಿ ಅಂತ ನಾನೇ ಹಿಂಬಾಗ್ಲು ತೆಗ್ದಿಡ್ತಿದ್ದೆ. ಮೂರು ಸಲ ತಟ್ಟೋಳು. ಇಲ್ಲಿ ಯಾರ್ಗೂ ಗೊತ್ತಿಲ್ಲ, ಗೊತ್ತಾಗಿದ್ರೆ ನನ್ ಕೆಲ್ಸ ಹೋಗೋದು."

"ನನಗೆ ಯಾವತ್ತಾದರೂ ಹೇಳಿದ್ದಿರಾ?"

"ಖುದಾ ಕಸಂ ಮೇಡಂ, ಇಲ್ಲ."

ಬಾಗಿಲ ಸದ್ದು ಕೇಳಿದ್ದರಿಂದ ಬಾಗಿಲ ವಿಷಯವೇ ತಲೆಯಲ್ಲಿ ಕೂತಿತ್ತು, ಅದನ್ನೇ ಬರೆದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸದ್ದು ಎಲ್ಲಿಂದ ಬಂತು ಎಂಬಲ್ಲಿಗೆ ಬಂದಾಗ ಯೋಚನೆ ನಿಲ್ಲಿಸಿಬಿಡುತ್ತಿದ್ದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಪುಸ್ತಕ ತಿರುಮಣಿಗೂ ಹೋಗಿತ್ತು. ಸತ್ತ ಮಗಳ ಹೆಸರಿನಲ್ಲಿ ನಾನು ಬರೆದ ಸುಳ್ಳು ಆ ಮನೆಯವರ ಕೈಗೆ ಸೇರಿತ್ತು.

ಹದಿನೈದು ದಿನಕ್ಕೆ ಅವಳ ಅಪ್ಪ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಟವಲಿನಲ್ಲಿ ಸುತ್ತಿದ ಪುಸ್ತಕ. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಅದೇ ಹೊಲದ ಗೇಟಿನಲ್ಲಿ ಕಾವಲಿದ್ದೇನೆ ಎಂದರು. ನಮ್ಮ ಹೊಲದಲ್ಲೇ ಕರೆಂಟು ಬೆಳೆಯುವಾಗ ಅದನ್ನೇ ಓದುತ್ತೇನೆ ಎಂದು ಮಗಳು ಹಟ ಹಿಡಿದು ಈ ವಿಭಾಗಕ್ಕೆ ಸೇರಿದ್ದಳಂತೆ. ಬೈಯಲು ಬಂದಿದ್ದಾರೆಂದು ನಾನು ಕಾಯುತ್ತಿದ್ದೆ. ಅವರು ಬೈಯಲಿಲ್ಲ.

"ನಮ್ ಅಮ್ಮಾಯಿ ಬರ್ದಿರಾ ಕಾಗ್ದ ಐತಂತಲ್ಲ ಮೇಡಮ್ಮ, ಒಂದ್ಸಲ ತೋರಿಸ್ರಿ. ಅವ್ರಮ್ಮನ್ಗೆ ತಗಂಡೋಗಿ ಕೊಡ್ಬೇಕು."

ಎಚ್‌ಓಡಿ ಬಾಗಿಲ ಹತ್ತಿರ ನಿಂತು, ಸುಮ್ಮನೆ ಕೊಟ್ಟು ಕಳಿಸಿ ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಫೈಲಿನಿಂದ ಫಾರಂ ಬಿಡಿಸಿ ಕೊಟ್ಟೆ. ಆತ ಅದನ್ನು ಮೇಜಿನ ಮೇಲೆ ಹರಡಿ ಅಕ್ಷರದ ಮೇಲೆ ಬೆರಳಾಡಿಸತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಅದು ನಿಮ್ಮ ಮಗಳು ಬರೆದಿದ್ದಲ್ಲಪ್ಪ. ನಾನು ಬರೆದಿದ್ದು. ಲೆಕ್ಕ ತುಂಬಿಸಲಿಕ್ಕೆ ಬರೆದೆ. ಅವಳು ತೀರಿಹೋಗಿದ್ದು ನನಗೆ ಗೊತ್ತಿರಲಿಲ್ಲ. ತಪ್ಪಾಯಿತು."

ಎಚ್‌ಓಡಿ ಅಲ್ಲಿಂದ ಜಾಗ ಖಾಲಿ ಮಾಡಿದರು. ಆತ ಬೆರಳು ತೆಗೆದು ನನ್ನ ಕಡೆ ನೋಡಿದರು.

"ನೀವು ಅವ್ಳನ್ನ ನೋಡಿದ್ರಾ ಮೇಡಮ್ಮ?"

"ಇಲ್ಲ. ನಾನು ಆಮೇಲೆ ಬಂದವಳು."

"ಮತ್ತೆ ಹಿಂಬಾಗ್ಲು ಸುದ್ದಿ ನಿಮ್ಗ್ಯಾರು ಹೇಳಿದ್ರು? ಅವ್ಳು ಮನೇಲಿ ನನ್ನೊಬ್ಬನ್ಗೇ ಹೇಳಿದ್ಳು. ಅವ್ರಮ್ಮನ್ಗೂ ಹೇಳಿರ್ಲಿಲ್ಲ, ಲೇಟಾಗಿ ಓಗ್ತಿಯಾ ಅಂತ ಬೈತಾಳೆ ಅಂತ."

ಆತ ಫಾರಮ್ಮನ್ನು ಕೈಗೆತ್ತಿಕೊಂಡರು.

"ಮನೇಗೆ ಒಂದ್ಸಲನೂ ಬಂದಿಲ್ಲ ಮೇಡಮ್ಮ. ಕನಸ್ನಾಗೂ ಬಂದಿಲ್ಲ. ಅವ್ರಮ್ಮ ಬೆಳಗೆದ್ರೆ ಕೇಳ್ತಾಳೆ, ನಿಂಗೇನಾರ ಕಾಣುಸ್ಕಂಡ್ಳಾ ಅಂತ. ಏನಂತ ಹೇಳ್ಲಿ?" ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಕೈ ನಿಮ್ದೇ ಇರ್ಲಿ ಬುಡಿ. ಇಲ್ಲಿಗಾದ್ರೂ ಬಂದವ್ಳೆ ಅಂತ ಹೇಳ್ತೀನಿ."

ಆಮೇಲೆ ಆ ಬಾಗಿಲು ತೋರಿಸಿ ಎಂದರು. ಕಟ್ಟಡ ಸುತ್ತಿ ಕರೆದುಕೊಂಡು ಹೋದೆ. ಬಾಗಿಲ ಮುಂದಿನ ಮೆಟ್ಟಿಲಿನ ಮೇಲೆ, ಬಿಸಿಲಲ್ಲೇ, ಸ್ವಲ್ಪ ಹೊತ್ತು ಕೂತರು. ಹೊರಡುವಾಗ ಬೀಗವನ್ನು ಮುಟ್ಟಿ, "ಇದುನ್ನ ತೆಗ್ಸಿಬುಡಮ್ಮ," ಎಂದರು. ಅಷ್ಟು ಹೊತ್ತೂ ನೀವು ಎಂದವರು ಆಗ ಮಾತ್ರ ನನ್ನನ್ನು ಏಕವಚನದಲ್ಲಿ ಕರೆದರು, ಮಗಳಿಗೆ ಹೇಳುವ ಹಾಗೆ. ಅವರ ಎದುರೇ ಬೀಗ ತೆಗೆದೆ. ಬಸ್ಸು ಹತ್ತಿಸಿ ಬಂದು ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ.

ಐದು ವರ್ಷದ ಯೋಜನೆಯಲ್ಲಿ ಈವರೆಗೆ ನಡೆದಿರುವುದು ಅದೊಂದೇ. ಸೋಲಾರ್ ಲ್ಯಾಬಿಗೆ ಇನ್ನೂ ಕೋಣೆಯೇ ಇಲ್ಲ. ಫ್ಯಾನೂ ಹಾಗೇ ಇದೆ.

ಒಂಬತ್ತಕ್ಕೆ ಲ್ಯಾಬಿನ ಮುಂಬಾಗಿಲು ಹಾಕುವ ಚಾಳಿಯನ್ನು ನಾನು ಬಿಟ್ಟಿಲ್ಲ. ಹಾಕಿ, ಬೋರ್ಡಿನ ಕಡೆ ತಿರುಗಿ ಸರ್ಕ್ಯೂಟು ಬರೆಯುತ್ತಿರುತ್ತೇನೆ. ಕಾಲು ಗಂಟೆಯಾದ ಮೇಲೆ ರಸ್ತೆಯಲ್ಲಿ ಪಾವಗಡದ ಬಸ್ಸಿನ ಹಾರ್ನು ಕೇಳುತ್ತದೆ, ಹಿಂಬಾಗಿಲು ಕಿರುಗುಟ್ಟುತ್ತದೆ, ಹುಡುಗರು ಕಳ್ಳ ಹೆಜ್ಜೆಯಲ್ಲಿ ಒಳಗೆ ಬರುತ್ತಾರೆ. ಆ ಬಸ್ಸಿನಲ್ಲಿ ಬರುವವರು ನಾಲ್ಕೇ ಜನ. ಕೆಲವು ದಿನ ಐವರ ಹೆಜ್ಜೆ ಕೇಳಿಸುತ್ತದೆ. ನಾನು ಎಂಜಿನಿಯರಿಂಗ್ ಓದಿದವಳು, ದೊಡ್ಡ ಲ್ಯಾಬಿನಲ್ಲಿ ಸದ್ದು ಮಾರ್ದನಿಸುತ್ತದೆ ಎಂಬುದು ಗೊತ್ತು. ಆದರೂ ಐದನೆಯವರು ಬಂದು ಕೂರುವಷ್ಟು ಹೊತ್ತು, ಹಿಂತಿರುಗದೆ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತಿರುತ್ತೇನೆ.